ಬ್ರಾಕಿಫಿಲಮ್ ಪಳೆಯುಳಿಕೆ: ಅಳತೆಯಿಂದ ಕ್ಯುಟಿಕಲ್‌ವರೆಗೆ

ಗಿಡ್ಡ ಎಲೆಗಳ ಪಳೆಯುಳಿಕೆ ರೆಂಬೆಗಳಿಗೆ ಫ್ರೆಂಚ್ ಸಸ್ಯವಿಜ್ಞಾನಿ ಅಡಾಲ್ಫ್ ಬ್ರಾಂಗ್ನಿಯಾರ್ 1828ರಲ್ಲಿ ಇಟ್ಟ ಬ್ರಾಕಿಫಿಲಮ್ ಎಂಬ ಹೆಸರು ಎಲೆಯ ಆಕಾರವನ್ನಷ್ಟೇ ಹೇಳುತ್ತದೆ. ಬೇರೆ ಬೇರೆ ಕುಟುಂಬಗಳ ಕೋನಿಫರ್‌ಗಳಲ್ಲಿ (ಪೈನ್‌ನಂಥ ಶಂಕು ಬಿಡುವ ಮರಗಳಲ್ಲಿ) ಇಂಥದೇ ರೆಂಬೆಗಳಿದ್ದವು. ಆದ್ದರಿಂದ ರೆಂಬೆ ನೋಡಿದ ಕೂಡಲೇ ಕುಟುಂಬದ ಹೆಸರು ಬರೆಯಬೇಡಿ.

ಮೊದಲು ಅಳತೆ. ರೆಂಬೆಗೆ ಅಂಟಿದ ಎಲೆಬುಡದ ದಿಂಬಿನ ಅಗಲಕ್ಕಿಂತ ಎಲೆಯ ಬಿಡಿ ಭಾಗ ಗಿಡ್ಡವಾಗಿದ್ದರೆ ಬ್ರಾಕಿಫಿಲಮ್; ಉದ್ದವಾಗಿದ್ದು, ಎಲೆ ದಪ್ಪಕ್ಕಿಂತ ಅಗಲವಾಗಿದ್ದರೆ ಪೇಜಿಯೋಫಿಲಮ್ ಎಂಬ ಇನ್ನೊಂದು ಆಕಾರದ ಹೆಸರು. ರೆಂಬೆ ದಪ್ಪವಾದಂತೆ ದಿಂಬೂ ಹಿಗ್ಗುತ್ತದೆ, ಹಾಗಾಗಿ ಒಂದೇ ಎಲೆ ಅಳೆದರೆ ಮೋಸಹೋಗುತ್ತೀರಿ. ತುದಿ, ನಡು, ಬುಡ ಮೂರೂ ಕಡೆ ಅಳೆಯಿರಿ.

ಕ್ಯುಟಿಕಲ್, ಅಂದರೆ ಎಲೆಯ ಮೇಣದಂಥ ಹೊರಪೊರೆ, ಸಿಗಬೇಕಾದರೆ ಕಲ್ಲಿನ ಮೇಲೆ ಕಪ್ಪು ಇದ್ದಿಲ ಪದರ ಉಳಿದಿರಬೇಕು. ಬರೀ ಕೆಂಪು ಅಚ್ಚಿದ್ದರೆ ಆಮ್ಲ ಸುರಿದು ಪ್ರಯೋಜನವಿಲ್ಲ. ಮೊದಲು ಫೋಟೊ ತೆಗೆದು, ಸೂಜಿಯಿಂದ 2–3 ಮಿ.ಮೀ. ಚೂರು ಎಬ್ಬಿಸಿ. ಮುಂದಿನದೆಲ್ಲ ಪ್ರಯೋಗಾಲಯದ ಫ್ಯೂಮ್ ಹುಡ್ (ವಿಷಗಾಳಿ ಹೊರಗೆಳೆಯುವ ಗೂಡು) ಒಳಗೇ, ಕೈಗವಸು, ಕನ್ನಡಕ ಹಾಕಿಕೊಂಡೇ ನಡೆಯಬೇಕು. ವಾಚ್‌ಗ್ಲಾಸ್ ಎಂಬ ಸಣ್ಣ ಗಾಜಿನ ತಟ್ಟೆಯಲ್ಲಿ ಚೂರಿಗೆ ಸಾಂದ್ರ ನೈಟ್ರಿಕ್ ಆಮ್ಲ, ಅದಕ್ಕೆ ಪೊಟ್ಯಾಸಿಯಂ ಕ್ಲೋರೇಟ್‌ನ ಕೆಲವೇ ಹರಳು. ಬಿಸಿ ಮಾಡಬೇಡಿ, ಬಾಟಲಿಯಲ್ಲಿ ಮುಚ್ಚಿಡಬೇಡಿ. ಒಣ ಕ್ಲೋರೇಟ್ ಕಾಗದ, ಬಟ್ಟೆಗೆ ತಾಗಿದರೆ ಹೊತ್ತಿಕೊಳ್ಳಬಹುದು.

ಗಡಿಯಾರ ನೋಡಬೇಡಿ, ಬಣ್ಣ ನೋಡಿ. ಕೆಲವು ಚೂರಿಗೆ ಗಂಟೆಗಳು ಸಾಕು, ಕೆಲವಕ್ಕೆ ದಿನಗಳೇ ಬೇಕು. ಕಪ್ಪು ಹೋಗಿ ಜೇನುಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಬೆಳಕು ಹಾಯತೊಡಗಿದಾಗ ಹೊರತೆಗೆದು ಆಮ್ಲ ಪೂರ್ತಿ ಹೋಗುವವರೆಗೆ ನೀರಿನಲ್ಲಿ ತೊಳೆಯಿರಿ. ಆಮ್ಲ ಉಳಿದಿದ್ದರೆ ಮುಂದೆ ಹಾಕುವ ಅಮೋನಿಯಾ ಅದರ ಜೊತೆಗೇ ಮುಗಿದುಹೋಗುತ್ತದೆ, ಚೂರು ಬಿಡಿಸಿಕೊಳ್ಳುವುದಿಲ್ಲ. ಆಮೇಲೆ 5% ಅಮೋನಿಯಾ ಹನಿಹನಿಯಾಗಿ ಬಿಡಿ. ಚೂರಿನಿಂದ ಕಂದು ಮೋಡ ಇಳಿಯುತ್ತದೆ, ಅದು ನಿಂತರೆ ಕ್ಯುಟಿಕಲ್ ಸಿದ್ಧ. ನಡುವೆ ಇನ್ನೂ ಕಪ್ಪಿದ್ದರೆ ಚೆನ್ನಾಗಿ ತೊಳೆದು ಮತ್ತೆ ಆಮ್ಲಕ್ಕೆ. ಚೂರೇ ಕರಗಿ ಮಾಯವಾದರೆ ಆಮ್ಲದಲ್ಲಿ ಅತಿಯಾಗಿ ಇಟ್ಟಿದ್ದೀರಿ. ಅದಕ್ಕೇ ಒಂದೇ ಬಾರಿಗೆ ಎಲ್ಲ ಚೂರು ಹಾಕಬಾರದು.

ಅಂಚು ಕತ್ತರಿಸಿ, ಎಲೆಯ ಎರಡೂ ಮೈಗಳನ್ನು ಬಿಡಿಸಿ, ಸಫ್ರಾನಿನ್ ಬಣ್ಣ ಕೊಟ್ಟು ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿ. ಪತ್ರರಂಧ್ರದ ಗುಳಿಯ ಮೇಲೆ ಸುತ್ತಲಿನ ಕೋಶಗಳ ಮೊಟಕು ಗುಬುಟುಗಳು ಬಾಗಿದ್ದರೆ ಕೈರೊಲೆಪಿಡಿಯೇಸಿ ಎಂಬ ಅಳಿದುಹೋದ ಕೋನಿಫರ್ ಕುಟುಂಬದ ಅನುಮಾನ ಬಲವಾಗುತ್ತದೆ. ಖಚಿತವಾಗಲು ಅದೇ ರೆಂಬೆಗೆ ಅಂಟಿದ ಗಂಡು ಶಂಕುವಿನಲ್ಲಿ ಆ ಕುಟುಂಬದ ಗುರುತಾದ ಕ್ಲಾಸೊಪೊಲಿಸ್ ಪರಾಗ ಸಿಗಬೇಕು. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಜುರಾಸಿಕ್ ಪದರಗಳಲ್ಲಿ ಸಿಗುವ ಬ್ರಾಕಿಫಿಲಮ್ ಮಾಮಿಲಾರೆಯನ್ನಾದರೋ ಅರೌಕೇರಿಯೇಸಿ ಕುಟುಂಬದ ಶಂಕುಗಳೊಂದಿಗೆ ಜೋಡಿಸಲಾಗಿದೆ. ಶಂಕು ಸಿಗದಿದ್ದರೆ ಲೇಬಲ್ಲಿನಲ್ಲಿ ಬ್ರಾಕಿಫಿಲಮ್ ಎಂದಷ್ಟೇ ಬರೆದು, ಸ್ಲೈಡಿನ ಮೇಲೂ ಕಲ್ಲಿನ ಮೇಲೂ ಒಂದೇ ಸಂಖ್ಯೆ ಹಾಕಿ.