ಫಿಲ್ಮ್ ಹಿಡಿದ ಬೆರಳು

ಏಳು ವರ್ಷದ ಹುಡುಗ. ಕೆಳದವಡೆಯ ಹಿಂದಿನ ಹಲ್ಲು ನೋವು. ಎಕ್ಸ್-ರೇ ಫಿಲ್ಮ್ ನಾಲಿಗೆಗೆ ತಗುಲಿದೊಡನೆ ಓಕರಿಕೆ ಬಂದು ಎರಡು ಬಾರಿ ಉಗುಳಿದ್ದ. ಮೂರನೆಯ ಬಾರಿ ನಮ್ಮ ಸಹಾಯಕಿ ಅವನ ಬಾಯೊಳಗೆ ತೋರುಬೆರಳಿಟ್ಟು ಫಿಲ್ಮನ್ನು ಒತ್ತಿ ಹಿಡಿದು, "ಡಾಕ್ಟ್ರೇ, ಈಗ ತೆಗೆಯಿರಿ" ಎಂದರು. ಗುಂಡಿಯ ಮೇಲೆ ನನ್ನ ಹೆಬ್ಬೆರಳಿತ್ತು. ಒತ್ತಲಿಲ್ಲ. ಆದರೆ ಅವರು ಅಷ್ಟು ಸಲೀಸಾಗಿ ಬೆರಳಿಟ್ಟದ್ದನ್ನು ಕಂಡಾಗ, ಇದು ಮೊದಲ ಸಲವಲ್ಲ ಎಂಬುದು ಹೊಳೆದು ಎದೆ ಧಸಕ್ಕೆಂದಿತು. ಹುಡುಗನಿಗೆ ನೋವಿನ ಔಷಧ ಕೊಟ್ಟು, ಎರಡು ದಿನ ಬಿಟ್ಟು ಬರಲು ಹೇಳಿದೆ.

"ಇಷ್ಟು ಚಿಕ್ಕ ಎಕ್ಸ್-ರೇಯಿಂದ ಏನಾಗುತ್ತದೆ?" ಎಂದು ಸಹಾಯಕಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಒಂದೆರಡು ಹಲ್ಲುಗಳ ಎಕ್ಸ್-ರೇಯಲ್ಲಿ ರೋಗಿಗೆ ತಗಲುವುದು ಸಾಮಾನ್ಯವಾಗಿ ಕೆಲವೇ ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ; ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್). ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾನಾಗಿಯೇ ಬರುತ್ತದೆ. ಅಂದರೆ ದಿನಕ್ಕೆ ಸುಮಾರು ಆರೂವರೆ ಮೈಕ್ರೋಸೀವರ್ಟ್. ರೋಗಿಯ ಮಟ್ಟಿಗೆ ಒಂದು ಎಕ್ಸ್-ರೇ ಎಂದರೆ ಹೆಚ್ಚುಕಡಿಮೆ ಒಂದು ದಿನದ ಬಾಳು. ಆದರೆ ರೋಗಿ ಎದ್ದು ಮನೆಗೆ ಹೋಗುತ್ತಾನೆ. ಹಿಡಿದ ಬೆರಳು ಅಲ್ಲೇ ಉಳಿಯುತ್ತದೆ, ಮುಂದಿನ ರೋಗಿಗೆ, ನಾಳೆಗೆ, ಹತ್ತು ವರ್ಷಕ್ಕೆ. ಅದೂ ಕಿರಣದ ನೇರ ದಾರಿಯಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಸಹಾಯಕಿಯ ಟಿಎಲ್‌ಡಿ ಬ್ಯಾಡ್ಜಿನ (ಸಿಬ್ಬಂದಿಗೆ ತಗಲುವ ವಿಕಿರಣವನ್ನು ಅಳೆಯುವ ಬಿಲ್ಲೆ) ವರದಿಗಳು ಸದಾ ಚೊಕ್ಕಟವಾಗಿರುತ್ತಿದ್ದವು. ಸಿಬ್ಬಂದಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಎಂಬ ಮಿತಿಯ ಹತ್ತಿರಕ್ಕೂ ಅವು ಸುಳಿದಿರಲಿಲ್ಲ. ಆ ಹಾಳೆಗಳನ್ನು ನೋಡಿ ನಾನು ನೆಮ್ಮದಿಯಾಗಿದ್ದೆ. ಎದೆಯ ಮೇಲಿನ ಬ್ಯಾಡ್ಜಿಗೆ ಬೆರಳಿನ ಸುದ್ದಿ ಹೇಗೆ ತಿಳಿಯಬೇಕು?

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರಿದ್ದರು. ರಂಟ್ಗನ್ 1895ರಲ್ಲಿ ಎಕ್ಸ್-ಕಿರಣ ಕಂಡುಹಿಡಿದ ಸ್ವಲ್ಪ ಕಾಲದಲ್ಲೇ ಹಲ್ಲಿನ ಚಿತ್ರ ತೆಗೆಯಲು ಆರಂಭಿಸಿದವರು. ಕಿರಣ ಹೊರಸೂಸುವ ಟ್ಯೂಬನ್ನು ಹೊಂದಿಸಲು ಕಿರಣದ ಮುಂದೆ ತಮ್ಮ ಕೈಯನ್ನೇ ಇಟ್ಟು ನೋಡುತ್ತಿದ್ದರು. ಕ್ಯಾನ್ಸರ್ ಬಂದು ಮೊದಲು ಬೆರಳು, ಆಮೇಲೆ ಕೈ, ಕೊನೆಗೆ ತೋಳು ಹೋದವು. 1928ರಲ್ಲಿ ಅವರು ತೀರಿಕೊಂಡರು. ಆ ಸಂಜೆ ಸಹಾಯಕಿಗೆ ಈ ಕಥೆ ಹೇಳಿದೆ. ಅವರು ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. ಹೆದರಿಸಬೇಕೆಂದು ನಾನು ಹೇಳಲಿಲ್ಲ; ಆಗಿನ ಟ್ಯೂಬುಗಳ ಕಿರಣಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಅಭ್ಯಾಸ ಮಾತ್ರ ಅದೇ.

ಮರುದಿನದಿಂದ ಫಿಲ್ಮ್ ಹಿಡಿಯುವುದು ಹೋಲ್ಡರ್ ಮಾತ್ರ ಎಂದು ನಿಯಮ ಮಾಡಿದೆ. ತೀರಾ ಅನಿವಾರ್ಯವಾದರೆ ಸೀಸದ ಏಪ್ರನ್ ತೊಟ್ಟ ಹೆತ್ತವರು, ಅದೂ ಹೋಲ್ಡರಿನ ಹಿಡಿಯನ್ನೇ, ಕೈ ಕಿರಣದಿಂದ ಹೊರಗಿರುವಂತೆ. ಸಿಬ್ಬಂದಿ ಎಂದೂ ಇಲ್ಲ. ಗೋಡೆಯ ಮರೆ ಇಲ್ಲದ ಕೋಣೆಯಲ್ಲಿ ಟ್ಯೂಬಿನಿಂದ ಎರಡು ಮೀಟರ್ ದೂರಕ್ಕೆ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದೆ. ಕಿರಣ ಸಾಗುವ ದಿಕ್ಕಿನಲ್ಲಿ ಅಲ್ಲ, ಅದರ ಪಕ್ಕಕ್ಕೆ, ತುಸು ಹಿಂದಕ್ಕೆ. ದೂರ ಎರಡು ಪಟ್ಟಾದರೆ ತಗಲುವ ವಿಕಿರಣ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಇಷ್ಟು ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ರೋಗಿಯ ವಿಷಯದಲ್ಲಿ ನಾನು ತಡವಾಗಿ ಕಲಿತೆ. ಏಪ್ರನ್ ಹೊದಿಸಿದರೆ ಕರ್ತವ್ಯ ಮುಗಿಯಿತೆಂದು ಬಹುಕಾಲ ನಂಬಿದ್ದೆ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಏಪ್ರನ್, ಕತ್ತಿಗೆ ಸುತ್ತುವ ಥೈರಾಯ್ಡ್ ಕಾಲರ್ ಎರಡನ್ನೂ ಕೈಬಿಡಬಹುದೆಂದು ಸಲಹೆ ನೀಡಿತು. ಕಿರಣವನ್ನು ಬೇಕಾದಷ್ಟೇ ಜಾಗಕ್ಕೆ ಕಟ್ಟಿಹಾಕುವುದು ಅದಕ್ಕಿಂತ ಮುಖ್ಯ ಎಂಬುದು ಅದರ ತಿರುಳು. ನಿಯಮ ಕೇಳುವಲ್ಲಿ ಹೊದಿಸಲೇಬೇಕು, ನಾನೂ ಹೊದಿಸುತ್ತೇನೆ. ಆದರೆ ನಿಜವಾದ ವ್ಯತ್ಯಾಸ ಕಂಡದ್ದು ಕಿರಣ ಹೊರಬರುವ ದುಂಡನೆಯ ಕೋನಿಗೆ ಆಯತಾಕಾರದ ಕೊಲಿಮೇಟರ್, ಅಂದರೆ ಕಿರಣದ ಹರವನ್ನು ಕಿರಿದಾಗಿಸುವ ಚೌಕಟ್ಟು, ಹಾಕಿದಾಗ. ದುಂಡು ಕಿರಣ ಫಿಲ್ಮಿನ ಸುತ್ತಲೂ ಚೆಲ್ಲುತ್ತದೆ. ಆಯತ ಫಿಲ್ಮಿನಷ್ಟಕ್ಕೇ ನಿಲ್ಲುತ್ತದೆ. ಕಿರಣ ಬೀಳುವ ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊದಲ ವಾರ ಚಿತ್ರದ ಅಂಚುಗಳು ಕತ್ತರಿಸಿಹೋಗಿ ಮತ್ತೆ ಮತ್ತೆ ತೆಗೆಯಬೇಕಾಯಿತು. ಕಿತ್ತೆಸೆಯಬೇಕೆನ್ನಿಸಿತು. ಉಂಗುರವಿರುವ ಹೋಲ್ಡರ್ ತಂದು, ಉಂಗುರಕ್ಕೆ ಕೊಲಿಮೇಟರನ್ನು ಸರಿಯಾಗಿ ಕೂಡಿಸುವುದು ಕೈಗೆ ಹತ್ತಿದ ಮೇಲೆ ಆ ತೊಂದರೆ ನಿಂತಿತು.

ಆಗಲೇ ಒಂದು ನೋಟ್‌ಬುಕ್ ಇಟ್ಟೆ. ಮರಳಿ ತೆಗೆದ ಪ್ರತಿ ಎಕ್ಸ್-ರೇಗೂ ಒಂದು ಸಾಲು: ಯಾವ ಹಲ್ಲು, ಏಕೆ ಕೆಟ್ಟಿತು. ಮುಂದೆ ಫಿಲ್ಮಿನ ಬದಲು ಡಿಜಿಟಲ್ ಸೆನ್ಸರ್ ಬಂದ ಮೇಲೆ ಅದು ಇನ್ನೂ ಅಗತ್ಯವಾಯಿತು. ಚಿತ್ರ ಕ್ಷಣದಲ್ಲಿ ಪರದೆಗೆ ಬರುವುದರಿಂದ "ಇನ್ನೊಂದು ತೆಗೆದುಬಿಡೋಣ" ಎಂದು ಮನಸ್ಸು ಬೇಗ ಜಾರುತ್ತದೆ. ಉಳಿಸಿದ ವಿಕಿರಣವೆಲ್ಲ ಅಲ್ಲೇ ಸೋರಿಹೋಗುತ್ತದೆ. ಹೊಸ ರೋಗಿ ಬಂದೊಡನೆ ಬಾಯಿಯನ್ನೂ ನೋಡದೆ ಓಪಿಜಿ (ಇಡೀ ದವಡೆಯ ಎಕ್ಸ್-ರೇ) ಬರೆಯುವುದನ್ನೂ ನಿಲ್ಲಿಸಿದೆ.

ಹುಡುಗ ಹೇಳಿದ ದಿನ ಬಂದ. ಈ ಬಾರಿ ಖಾಲಿ ಹೋಲ್ಡರನ್ನು ಅವನ ಕೈಗೇ ಕೊಟ್ಟು ಬಾಯಿಗಿಟ್ಟುಕೊಂಡು ಅಭ್ಯಾಸ ಮಾಡಲು ಬಿಟ್ಟೆವು. ಮಕ್ಕಳ ಅಳತೆಯ ಫಿಲ್ಮ್ ಆರಿಸಿ, ಟ್ಯೂಬನ್ನೂ ಸಮಯವನ್ನೂ ಮೊದಲೇ ಹೊಂದಿಸಿ, ಓಕರಿಕೆ ಬಾರದಿರಲೆಂದು ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಾಕಿದೆವು. ಮೂಗಿನಿಂದ ಉಸಿರಾಡುತ್ತ ಕಾಲಿನ ಬೆರಳುಗಳನ್ನು ಎತ್ತಿ ಹಿಡಿಯಲು ಸಹಾಯಕಿ ಹೇಳಿಕೊಟ್ಟರು. ಆಮೇಲೆ ಹಳದಿ ಪಟ್ಟಿಯಾಚೆ ಬಂದು ನನ್ನ ಪಕ್ಕ ನಿಂತರು. ಹುಡುಗ ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದ. ಗುಂಡಿ ಒತ್ತಿದೆ. ಒಂದೇ ಫಿಲ್ಮ್, ಬೇರಿನ ತುದಿಯವರೆಗೂ ಸ್ಪಷ್ಟ. ಆ ದಿನ ನೋಟ್‌ಬುಕ್ಕಿನಲ್ಲಿ ಬರೆಯುವುದೇನೂ ಇರಲಿಲ್ಲ.