ಗುಡ್ಡೆಯ ವಾಚನಾಲಯಕ್ಕೆ ನೆಟ್ ತಂದದ್ದು: ನನ್ನ ಅನುಭವ

ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಗುಡುಗು ಮುಗಿಯಿತು. ನಮ್ಮ ವಾಚನಾಲಯದ ಏಳು ಕಂಪ್ಯೂಟರೂ ಸರಿಯಾಗಿವೆ, ನೆಟ್ ತಂತಿ ಸಿಕ್ಕಿಸುವ ಒಂದು ಪೋರ್ಟ್ ಕೂಡ ಸಿಡಿಲಿಗೆ ಸುಟ್ಟಿಲ್ಲ. ಹೀಗೆ ದಾಟಿದ ಗುಡುಗಿನ ಕಾಲ ಇದು ಮೂರನೆಯದು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಉಂಟು. ಹದಿನೆಂಟು ವರ್ಷದಿಂದ ಇದೇ ಕೆಲಸ. ವಾಚನಾಲಯ ಇರುವುದು ಪೆರ್ಲ ರಸ್ತೆಯಿಂದ ಒಳಗೆ, ಗುಡ್ಡೆಯ ಮೇಲ್ಭಾಗದಲ್ಲಿ. ನಡುವೆ ಬೈಲು, ಅಡಿಕೆ ತೋಟ. ರಸ್ತೆ ಬದಿಯ ತನಕ ಫೈಬರ್, ಅಂದರೆ ಬೆಳಕಿನಲ್ಲಿ ನೆಟ್ ಒಯ್ಯುವ ಗಾಜಿನ ಎಳೆಯ ಕೇಬಲ್, ಬಂದಿತ್ತು. ಗುಡ್ಡೆಗೆ ಎಳೆಯಲು ಕೇಬಲಿನವರು ಒಪ್ಪಲಿಲ್ಲ. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕೊರೋನಾ ಕಾಲದಲ್ಲಿ ಮಕ್ಕಳು ಅದೇ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಪಾಠ ಕೇಳಿದ್ದರು. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಕೂರಲಾಗಲಿಲ್ಲ.

ಗಡಿಯಾಚೆ, ಕರ್ನಾಟಕದ ಪುತ್ತೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯ ಮೊದಲೇ ಹೇಳಿದ್ದ, "ಗುಡ್ಡೆ ಮೇಲೆ ಕಂಬ ನೆಟ್ಟು ಸಿಡಿಲಿಗೆ ದಾರಿ ತೋರಿಸ್ತಾ ಇದ್ದೀಯಲ್ಲ ಮಾರಾಯ!" ಸಮಿತಿಯಲ್ಲೂ ಅರ್ಧ ಜನಕ್ಕೆ ನಂಬಿಕೆ ಇರಲಿಲ್ಲ. ಪೇಟೆಯ ಒಬ್ಬರು ಹೊಸ ಸಾಮಾನಿಗೆ ಕೊಟ್ಟ ಎಸ್ಟಿಮೇಟ್ ಮೂರೂವರೆ ಲಕ್ಷದ ಹತ್ತಿರ ಇತ್ತು. ನಮ್ಮ ಕೈಯಲ್ಲಿ ಇದ್ದದ್ದು ನಲವತ್ತು ಸಾವಿರ.

ಕನೆಕ್ಷನ್ ವಾಚನಾಲಯದ ಹೆಸರಿನಲ್ಲೇ ತೆಗೆದೆವು. ನೆಟ್ಟಿನ ಪೆಟ್ಟಿಗೆ ಕೂರಿಸಿದ್ದು ರಸ್ತೆ ಬದಿಯ ಸಮಿತಿ ಸದಸ್ಯರೊಬ್ಬರ ಮನೆಯಲ್ಲಿ. ಅಲ್ಲಿಂದ ಗುಡ್ಡೆಗೆ ತಂತಿಯಿಲ್ಲದೆ ನೆಟ್ ದಾಟಿಸುವ 5 ಗಿಗಾಹರ್ಟ್ಸ್ ರೇಡಿಯೋ ಜೋಡಿ, ಸುಮಾರು ಏಳು ಸಾವಿರ. ನೇರ ದೂರ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. 2023ರ ಡಿಸೆಂಬರಿನಲ್ಲಿ ಕಟ್ಟಿದ ದಿನವೇ ಅರುವತ್ತು ಎಂಬಿಪಿಎಸ್ ಸ್ಪೀಡು ಬಂತು. ಎಲ್ಲರೂ ಪಾಯಸ ಕುಡಿದೆವು.

ಕಂಬಕ್ಕೆ ಹಾಕಿದ್ದು ಅಡಿಕೆ ಮರ. ಊರಲ್ಲಿ ಸುಲಭಕ್ಕೆ ಸಿಗುವುದು ಅದೇ ಅಲ್ವಾ. ಗಾಳಿಗೆ ಅದು ತೂಗಿದಾಗಲೆಲ್ಲ ಲಿಂಕ್ ಕಡಿದು ಹೋಗುತ್ತಿತ್ತು. ಅಡಿಕೆ ಮರ ಬಾಗಲಿಕ್ಕೇ ಹುಟ್ಟಿದ್ದು, ಅದಕ್ಕೆ ರೇಡಿಯೋ ಕಟ್ಟಬೇಡಿ. ಎರಡಿಂಚಿನ ಜಿಐ ಪೈಪು, ಮೂರು ಕಡೆಗೆ ಸರಿಗೆ ಎಳೆದು ಕಟ್ಟಿದ ಮೇಲೆ ಸರಿಯಾಯಿತು. ಅದಕ್ಕೆ ಐದು ಸಾವಿರ ಹೋಯಿತು.

ಜೂನಿನಲ್ಲಿ ಮತ್ತೊಂದು ಪೆಟ್ಟು. ಮಳೆ ಹಿಡಿದದ್ದೇ ಸ್ಪೀಡು ನಾಲ್ಕಕ್ಕೆ ಇಳಿಯಿತು. ದಾರಿಯಲ್ಲಿ ಒಂದು ಹಲಸಿನ ಮರದ ತುದಿ ಇತ್ತು. ಡಿಸೆಂಬರಿನಲ್ಲಿ ಅದರಿಂದ ತೊಂದರೆ ಕಾಣಲಿಲ್ಲ. ಒದ್ದೆ ಎಲೆ ಎಂದರೆ 5 ಗಿಗಾಹರ್ಟ್ಸಿಗೆ ಗೋಡೆ ಇದ್ದ ಹಾಗೆ. ಮರ ಕಡಿಯಲು ನನಗೆ ಮನಸ್ಸಿರಲಿಲ್ಲ, ಅಷ್ಟು ಒಳ್ಳೆಯ ಹಣ್ಣು. ಕೆಳಗಿನ ಮನೆಯ ರೇಡಿಯೋವನ್ನು ಮಾಡಿನ ಇನ್ನೊಂದು ತುದಿಗೆ, ಆರಡಿ ಎಡಕ್ಕೆ ಸರಿಸಿದೆ. ಅಷ್ಟೇ ಸಾಕಾಯಿತು. ಲಿಂಕ್ ಪರೀಕ್ಷೆ ಮಾಡುವುದಿದ್ದರೆ ಜಡಿಮಳೆಯಲ್ಲೇ ಮಾಡಿ. ಬೇಸಗೆಯ ಲೆಕ್ಕ ಲೆಕ್ಕವೇ ಅಲ್ಲ.

ಇನ್ನು ಸಿಡಿಲು. ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಮೊದಲಿನ ಗುಡುಗು, ತುಲಾ ತಿಂಗಳ ಗುಡುಗು, ಎರಡೂ ಕೆಟ್ಟವು. ನನ್ನ ಅಂಗಡಿಗೆ ವರ್ಷದಲ್ಲಿ ಬರುವ ಸತ್ತ ರೂಟರುಗಳಲ್ಲಿ ಮುಕ್ಕಾಲು ಪಾಲು ಆ ಎರಡು ಕಾಲದ್ದೇ. 2024ರ ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಬಿತ್ತು. ಕಂಬದ ಮೇಲೆ ಬಿದ್ದದ್ದಲ್ಲ, ಆಚೆ ಗೇರು ಗುಡ್ಡೆಯಲ್ಲಿ ಎಲ್ಲೋ. ಆದರೂ ರೇಡಿಯೋ ಹೋಯಿತು, ಕಂಪ್ಯೂಟರುಗಳಿಗೆ ನೆಟ್ ಹಂಚುವ ಸ್ವಿಚ್ ಹೋಯಿತು, ಮೂರು ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಹೋಯಿತು. ಹನ್ನೊಂದು ಸಾವಿರ ನಷ್ಟ. ಮರುದಿನ ಸಮಿತಿಯವರ ಮುಖ ನೋಡುವುದೇ ಕಷ್ಟವಾಗಿತ್ತು. ಮತ್ತೆ ಸಾಮಾನು ತಂದು, ನುಗ್ಗುವ ಕರೆಂಟು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿದೆ. ಮೇ ತಿಂಗಳಲ್ಲಿ ಅದೂ ಸುಟ್ಟಿತು, ಸ್ವಿಚ್ಚನ್ನೂ ಕರಕೊಂಡು ಹೋಯಿತು.

ಆಗ ಎರಡು ರಾತ್ರಿ ಕೂತು ಯೋಚಿಸಿದೆ. ಕಂಬದಿಂದ ಕೋಣೆಗೆ ಬರುವ ತಾಮ್ರದ ತಂತಿಯನ್ನೇ ತೆಗೆದು ಹಾಕಿದರೆ ಹೇಗೆ? ಉದ್ದ ಹನ್ನೆರಡು ಮೀಟರ್ ಅಷ್ಟೇ. ಅಷ್ಟಕ್ಕೆ ಫೈಬರ್ ಯಾರು ಎಳೆಯುತ್ತಾರೆ ಎಂದು ಎಲ್ಲರೂ ಕೇಳಿದರು. ನಾನು ಎಳೆದೆ. ಎರಡೂ ತುದಿಗೆ ಕನೆಕ್ಟರ್ ಇರುವ ರೆಡಿ ಕೇಬಲ್ ಆರುನೂರು ರೂಪಾಯಿ, ತಂತಿಯ ಸಿಗ್ನಲನ್ನು ಬೆಳಕಿಗೂ ಬೆಳಕನ್ನು ತಂತಿಗೂ ತಿರುಗಿಸುವ ಮೀಡಿಯಾ ಕನ್ವರ್ಟರ್ ಜೋಡಿ ಸಾವಿರದ ನಾನೂರು. ಒಳಗೆ ಉಕ್ಕಿನ ಸರಿಗೆ ಇರುವ ಡ್ರಾಪ್ ಕೇಬಲ್ (ಮನೆಗಳಿಗೆ ಎಳೆಯುವ ಫೈಬರ್) ತರಬೇಡಿ. ತಂದರೆ ತಾಮ್ರ ಇದ್ದದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಆದರೆ ಕಂಬದ ಬುಡಕ್ಕೆ ಕರೆಂಟು ಬೇಕಲ್ಲ. ಕೋಣೆಯಿಂದ ವಯರ್ ಎಳೆದರೆ ಮತ್ತೆ ಅದೇ ಕಥೆ. ಹಾಗಾಗಿ ಬುಡದಲ್ಲೇ ಒಂದು ಪೆಟ್ಟಿಗೆ, ಬ್ಯಾಟರಿ, ಸೋಲಾರ್. ಮೊದಲು ಅಂಗಡಿಯಲ್ಲಿದ್ದ 40 ವ್ಯಾಟಿನ ಪ್ಯಾನೆಲ್ ಹಾಕಿದೆ. ಜುಲೈಯ ಮೂರನೇ ದಿನಕ್ಕೆ ಬ್ಯಾಟರಿ ಮಲಗಿತು. 100 ವ್ಯಾಟಿನದ್ದು ತಂದೆ, ಮೂರೂವರೆ ಸಾವಿರ. ರೇಡಿಯೋ, ಕನ್ವರ್ಟರ್ ಎರಡೂ ಸೇರಿ ಎಳೆಯುವುದು ಎಂಟೊಂಬತ್ತು ವ್ಯಾಟ್. ಟೈಮರ್ ಹಾಕಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ತನಕ ಬಂದ್ ಮಾಡಿದೆ. ಅಲ್ಲಿಂದ ಆಷಾಢದಲ್ಲೂ ನಿಂತಿಲ್ಲ. ಈಗ ಕಂಬದಿಂದ ಕೋಣೆಯೊಳಗೆ ಬರುವುದು ಬರೀ ಬೆಳಕು, ಕರೆಂಟಿಗೆ ಆ ದಾರಿ ಇಲ್ಲ. ಸಿಡಿಲು ಹೊಡೆದರೂ ಹೆಚ್ಚಾಗಿ ಹೋಗುವುದು ಹೊರಗಿನ ಪೆಟ್ಟಿಗೆ ಮಾತ್ರ. ಅದೂ ಈ ತನಕ ಹೋಗಿಲ್ಲ.

ಅದಕ್ಕೆ ಕಾರಣ ಅರ್ಥಿಂಗ್, ಅಂದರೆ ಸಿಡಿಲಿನ ಕರೆಂಟನ್ನು ಮಣ್ಣಿಗೆ ಇಳಿಸುವ ಏರ್ಪಾಡು. ಮುರಕಲ್ಲಿನ ಗುಡ್ಡೆಯಲ್ಲಿ ಅರ್ಥಿಂಗ್ ಸಿಗುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಮಾರ್ಚಿನಲ್ಲಿ ಅಳೆದಾಗ ಅರುವತ್ತು ಓಮಿನ ಮೇಲೆ ಇತ್ತು, ಓಮ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊಂಡ ಅಗಲ ಮಾಡಿ ಇದ್ದಿಲು ತುಂಬಿಸಿದೆ. ಇನ್ನೆರಡು ಸಾಮಾನು ಹಾಕಿದ್ದೇನೆ, ಅದರ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಅಂಗಡಿಗೆ ಬಂದವರಿಗೆ ಹೇಳುತ್ತೇನೆ. ನಿಜವಾದ ಉಪಾಯ ಬೇರೆಯೇ. ವಾಚನಾಲಯದ ತೊಟ್ಟಿಗೆ ಮೇಲಿನ ಸುರಂಗದಿಂದ, ಅಂದರೆ ಗುಡ್ಡೆಗೆ ಅಡ್ಡ ಕೊರೆದ ನೀರಿನ ಬಾವಿಯಿಂದ, ನೀರು ತಾನಾಗಿ ಹರಿದು ಬರುತ್ತದೆ. ಕೈ ತೊಳೆಯುವ ಬೇಸಿನ್ನಿನ ನೀರು ಸುಮ್ನೆ ಇಳಿಜಾರಿಗೆ ಹೋಗುತ್ತಿತ್ತು. ಆ ಪೈಪನ್ನು ತಿರುಗಿಸಿ ಅರ್ಥ್ ಹೊಂಡಕ್ಕೆ ಬಿಟ್ಟೆ. ಮಕ್ಕಳು ಕೈ ತೊಳೆದಷ್ಟೂ ಹೊಂಡ ಒದ್ದೆ. ಏಪ್ರಿಲಿನಲ್ಲೂ ಏಳು ಓಮಿನ ಹತ್ತಿರ ನಿಲ್ಲುತ್ತದೆ.

ಕೋಣೆಯ ಕರೆಂಟಿಗೆ ಒಂದೇ ದೊಡ್ಡ ಪ್ಲಗ್. ಗುಡುಗು ಕೇಳಿದರೆ ಲೈಬ್ರೇರಿಯನ್ ಅಕ್ಕ ಅದನ್ನು ಕಿತ್ತು ಮೇಜಿನ ಮೇಲೆ ಇಡುತ್ತಾರೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಲೇ ಬೇಕು.

ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಮೂರು ಪುಕ್ಕಟೆ ಸಿಕ್ಕಿತು, ನಾಲ್ಕಕ್ಕೆ ತಲಾ ಸಾವಿರದೈನೂರು ಕೊಟ್ಟೆವು. ಎಲ್ಲ ಮೂರನೇ, ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರಿನವು. ಒಂದೊಂದಕ್ಕೂ 120 ಜಿಬಿ ಎಸ್‌ಎಸ್‌ಡಿ, ಇನ್ನೊಂದು ನಾಲ್ಕು ಜಿಬಿ ರ‍್ಯಾಮ್, ಹೊಸ ಥರ್ಮಲ್ ಪೇಸ್ಟ್, ಒಳಗಿನ ಗಡಿಯಾರಕ್ಕೆ ಹೊಸ ಸಿಮಾಸ್ ಸೆಲ್. ಒಂದಕ್ಕೆ ಎರಡು ಸಾವಿರದ ಹತ್ತಿರ ಬಿತ್ತು. ಈಗ ರ‍್ಯಾಮ್, ಎಸ್‌ಎಸ್‌ಡಿ ರೇಟು ಏರಿದೆ, ಅಷ್ಟಕ್ಕೆ ಆಗಲಿಕ್ಕಿಲ್ಲ.

ಈ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಸರಿಯಾದ ದಾರಿಯಲ್ಲಿ ಹೋಗುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಗೊತ್ತಿತ್ತು. ಹಾಗಾಗಿ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ, ಹಳೆ ಯಂತ್ರಕ್ಕೂ ಹಗುರವಾದ ಎಕ್ಸ್‌ಎಫ್‌ಸಿಇ. ಪುತ್ತೂರು, ಸುಳ್ಯದ ಗೆಳೆಯರಿಗೆ ಇದು ನಂಬಲಿಕ್ಕೇ ಆಗಲಿಲ್ಲ. ಹಳ್ಳಿ ಮಕ್ಕಳಿಗೆ ವಿಂಡೋಸ್ ಇಲ್ಲದ ಕಂಪ್ಯೂಟರಾ ಎಂದರು. ಅವರಿಗೆ ಇಲ್ಲಿಯ ಸಂಗತಿ ಗೊತ್ತಿಲ್ಲ. ಕೇರಳದ ಶಾಲೆಗಳಲ್ಲಿ ಹಿಂದೆ ಐಟಿ ಅಟ್ ಸ್ಕೂಲ್, ಈಗ ಕೈಟ್ ಎಂಬ ಸರಕಾರಿ ಸಂಸ್ಥೆ ಕೊಡುವುದು ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ್ದೇ. ಕನ್ನಡ ಮೀಡಿಯಂ ಮಕ್ಕಳೂ ಅದರಲ್ಲೇ ಕಲಿತವರು. ಮೊದಲ ದಿನ ಏಳನೇ ಕ್ಲಾಸಿನ ಹುಡುಗ ಕೂತವನೇ, "ಇದು ನಮ್ಮ ಶಾಲೆದ್ದೇ ಅಲ್ವಾ ಮಾವ?" ಎಂದ. ಕಲಿಸುವ ಕೆಲಸ ಅಲ್ಲಿಗೇ ಮುಗಿಯಿತು.

ಕಷ್ಟ ಆದದ್ದು ದೊಡ್ಡವರಿಗೆ, ಕನ್ನಡ ಟೈಪಿಂಗಿನಲ್ಲಿ. ಅವರ ಕೈಗೆ ನುಡಿ ತಂತ್ರಾಂಶದ ಕೀಲಿಮಣೆ ರೂಢಿ. ಲಿನಕ್ಸಿನಲ್ಲಿ ಕನ್ನಡ ಟೈಪಿಸುವ ಸಲಕರಣೆ ಐಬಸ್‌ನಲ್ಲಿ ಅದೇ ಜೋಡಣೆಯ ಕೆಜಿಪಿ ವಿನ್ಯಾಸ ಹಾಕಿಕೊಟ್ಟೆ, ಬೆರಳು ಅದೇ ಜಾಗಕ್ಕೆ ಹೋಯಿತು. ನಮ್ಮ ಮಾಷ್ಟ್ರು ಹದಿನೈದು ವರ್ಷ ಹಿಂದೆ ಹಳೆ ನುಡಿ ಫಾಂಟಿನಲ್ಲಿ ಹೊಡೆದಿಟ್ಟ ಪುಸ್ತಕ ಪಟ್ಟಿ ಒಂದಿತ್ತು, ಎರಡು ಸಾವಿರ ಹೆಸರಿನದ್ದು. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡಿಗೆ ತಿರುಗಿಸಲು ನಾಲ್ಕು ಭಾನುವಾರ ಹೋಯಿತು. ಅರ್ಕಾವತ್ತು ಎಲ್ಲ ಅಡಿಮೇಲಾಗಿತ್ತು, ಕೈಯಲ್ಲೇ ತಿದ್ದಿದೆವು. ಇದು ನೆಟ್ಟಿಗೆ ಸಂಬಂಧ ಇಲ್ಲದ ಕೆಲಸ, ಆದರೆ ನನಗೆ ಬಹಳ ಖುಷಿ ಕೊಟ್ಟದ್ದು. ಮೂಲೆಯಲ್ಲಿ ಒಂದು ಹಳೆ ಅಂಗೈಯಗಲದ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈಗೆ ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯವನ್ನೂ ಇಟ್ಟಿದ್ದೇನೆ. ನೆಟ್ ಇಲ್ಲದಾಗಲೂ ಓದಬಹುದು.

ಪುಕ್ಕಟೆ ಸಿಕ್ಕಿದ ಮೂರರಲ್ಲಿ ಒಂದು ಯಂತ್ರ ಒಂದು ಪ್ರಿಂಟಿಂಗ್ ಅಂಗಡಿಯದ್ದು. ಊರು, ಹೆಸರು ಬೇಡ. ಹಾರ್ಡ್ ಡಿಸ್ಕ್ ತೆಗೆಯುವ ಮೊದಲು ಒಮ್ಮೆ ಆನ್ ಮಾಡಿದೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಕೈ ನಿಂತು ಹೋಯಿತು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ಕಿನ ಮೊದಲ ಪುಟ, ಪಾಸ್‌ಪೋರ್ಟ್ ಫೋಟೋ. ಸಾವಿರಕ್ಕಿಂತ ಜಾಸ್ತಿ. ಪ್ರಿಂಟ್ ತೆಗೆಯಲು ಜನ ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ಹಾಗೇ ಉಳಿದಿತ್ತು. ಕೆಳಗೆ ಹೋದ ಹಾಗೆ ಗುರುತಿನ ಮುಖಗಳು. ನಮ್ಮ ಪಕ್ಕದ ಮನೆಯ ಅಜ್ಜಿಯ ಆಧಾರ್ ಕೂಡ ಇತ್ತು, ಹೆಬ್ಬೆಟ್ಟಿನ ಗುರುತಿರುವ ಒಂದು ಅರ್ಜಿಯ ಜೊತೆ. ಅದು ಗುಜರಿಗೆ ಹೋಗಬೇಕಿದ್ದ ಡಿಸ್ಕ್. ಅಲ್ಲೇ ಪೂರ್ತಿ ಅಳಿಸಿ, ಬಿಚ್ಚಿ, ತಟ್ಟೆಗೆ ಡ್ರಿಲ್ ಹೊಡೆದೆ.

ಅಂದಿನಿಂದ ನಮ್ಮಲ್ಲಿ ಎಲ್ಲರೂ ಕೂರುವುದು ಗೆಸ್ಟ್ ಸೆಷನ್ನಿನಲ್ಲಿ. ಲಾಗೌಟ್ ಆದ ಕೂಡಲೇ ಫೈಲು, ಪಾಸ್‌ವರ್ಡು ಏನೂ ಉಳಿಯುವುದಿಲ್ಲ. ಎದ್ದು ಹೋಗುವವರಿಗೆ ಲಾಗೌಟ್ ನೆನಪಿರುವುದಿಲ್ಲ, ಹಾಗಾಗಿ ಹತ್ತು ನಿಮಿಷ ಸುಮ್ಮನಿದ್ದರೆ ತಾನೇ ಆಗುವಂತೆ ಮಾಡಿದ್ದೇನೆ. ರೂಟರಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) 9.9.9.9, ವಂಚನೆ, ವೈರಸ್ಸಿನ ಸೈಟುಗಳಲ್ಲಿ ಬಹಳಷ್ಟು ಅಲ್ಲೇ ನಿಲ್ಲುತ್ತವೆ. ಯಾರು ಎಷ್ಟು ಹೊತ್ತಿಗೆ ಕೂತರು ಎಂಬುದಕ್ಕೆ ಕಾಗದದ ಪುಸ್ತಕ. ಆಧಾರ್ ಪ್ರಿಂಟ್ ಕೇಳಿದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಇಳಿಸಿಕೊಡುತ್ತೇವೆ.

ಇಷ್ಟೆಲ್ಲ ಮಾಡಿದ ಮೇಲೆ ಸುರಕ್ಷತೆ ಆಯಿತು ಎಂದುಕೊಂಡಿದ್ದೆ. ಆಗಲಿಲ್ಲ. 2024ರ ನವೆಂಬರಿನಲ್ಲಿ ಒಬ್ಬರು ಅಕ್ಕ ಅಳುತ್ತಾ ಬಂದರು. ಖಾತೆಯಿಂದ ಹದಿನೆಂಟು ಸಾವಿರ ಹೋಗಿತ್ತು, ಅಡಿಕೆ ಸುಲಿದು ಕೂಡಿಟ್ಟ ದುಡ್ಡು. ಫೋನಿಗೆ ಮೆಸೇಜ್ ಬಂದಿತ್ತು, ಮಲಯಾಳದಲ್ಲಿ. ಪಿಂಚಣಿಯ ಮಸ್ಟರಿಂಗ್ (ಬದುಕಿದ್ದೇವೆ ಎಂದು ಗುರುತು ಕೊಡುವುದು) ಬಾಕಿ ಉಂಟು, ಈ ಆ್ಯಪ್ ಹಾಕಿ ಎಂದು. ಅವರಿಗೆ ಮಲಯಾಳ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬಾರದು. ನಮ್ಮ ಕನ್ನಡದವರಲ್ಲಿ ಹಿರಿಯರು ಎಷ್ಟೋ ಮಂದಿ ಹೀಗೇ ಅಲ್ವಾ? ಬಸ್ಸಿನಲ್ಲಿ ಪಕ್ಕ ಕೂತವರಿಗೆ ಫೋನ್ ಕೊಟ್ಟು ಓದಿಸಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಆ್ಯಪ್ ಹಾಕಿಕೊಟ್ಟರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಾಗ ಎರಡು ದಿನ ಕಳೆದಿತ್ತು. ದುಡ್ಡು ಬರಲಿಲ್ಲ.

ನನ್ನ ಡಿಎನ್‌ಎಸ್, ಗೆಸ್ಟ್ ಸೆಷನ್ ಯಾವುದೂ ಆ ಅಕ್ಕನಿಗೆ ಉಪಯೋಗಕ್ಕೆ ಬರಲಿಲ್ಲ. ಓದಲಾಗದ ಅಕ್ಷರ ಬಂದರೆ ಫೋನು ಬೇರೆಯವರ ಕೈಗೆ ಹೋಗುತ್ತದೆ. ಗಡಿನಾಡಿನಲ್ಲಿ ತೂತು ಇರುವುದು ಅಲ್ಲಿ. ಹಾಗಾಗಿ ಬುಧವಾರ ಮಧ್ಯಾಹ್ನ ಮೂರರಿಂದ ಐದರ ತನಕ ಮೆಸೇಜ್ ಓದುವ ಮೇಜು ಶುರು ಮಾಡಿದೆವು. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಖರ್ಚು ಒಂದು ಬೆಂಚು, ಒಂದು ಭೂತಕನ್ನಡಿ.

ಮೇಜಿನಲ್ಲಿ ಕೂರುವುದು ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಓದುತ್ತಾಳೆ. ನಿಯಮ ಒಂದೇ. ಫೋನು ಯಾರದ್ದೋ ಅವರ ಕೈಯಲ್ಲೇ ಇರಬೇಕು. ಹುಡುಗಿ ಓದಿ ಹೇಳುತ್ತಾಳೆ, ಬೆರಳು ತಾಗಿಸುವುದಿಲ್ಲ. ಮೊದಲು ಕಳಿಸಿದವರ ಹೆಸರು ನೋಡಿಸುತ್ತಾಳೆ. ಕೊನೆಯಲ್ಲಿ ಅಡ್ಡಗೆರೆ ಹಾಕಿ ಜಿ ಇದ್ದರೆ ಸರಕಾರದ್ದು, ಎಸ್ ಇದ್ದರೆ ಸೇವೆಯದ್ದು, ಟಿ ವ್ಯವಹಾರದ್ದು, ಪಿ ಜಾಹೀರಾತು. ಬ್ಯಾಂಕು, ಪಿಂಚಣಿ ಎಂದು ಹೇಳಿ ಹತ್ತು ಅಂಕೆಯ ನಂಬರಿನಿಂದ ಬಂದರೆ ಅಲ್ಲೇ ಅಳಿಸುವುದು. ಬ್ಯಾಂಕಿನ ಸೈಟಾದರೆ ವಿಳಾಸದ ಕೊನೆಗೆ ಡಾಟ್ ಬ್ಯಾಂಕ್ ಡಾಟ್ ಇನ್ ಉಂಟಾ ಎಂದು ನೋಡಿಸುತ್ತೇವೆ. ಸರಕಾರದ ಸಂಚಾರ್ ಸಾಥಿ ಸೈಟಿನಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಉಂಟು ಎಂದು ತೋರಿಸಿದಾಗ ಒಬ್ಬರಿಗೆ ತಮ್ಮದಲ್ಲದ ಎರಡು ಸಿಮ್ ಸಿಕ್ಕಿತು. ಅಲ್ಲೇ ದೂರು ಹಾಕಿಸಿದೆವು. ಹೋಗುವ ಮೊದಲು ಫೋನಿನ ಭಾಷೆ ಕನ್ನಡ ಮಾಡಿಕೊಡುತ್ತೇವೆ. ಬಂದ ಮೆಸೇಜಿನ ಭಾಷೆ ಅದರಿಂದ ಬದಲಾಗುವುದಿಲ್ಲ, ಆದರೆ ಆ್ಯಪ್ ಹಾಕುವಾಗ ಫೋನು ಕೊಡುವ ಎಚ್ಚರಿಕೆಯನ್ನು ಅವರೇ ಓದುತ್ತಾರೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಈಗ ಕೆಲಸ ಮಾಡುತ್ತಿರುವ ಸಾಮಾನಿಗೆ ಐವತ್ತೈದು ಸಾವಿರದ ಹತ್ತಿರ. ಸುಟ್ಟು ಹಾಳಾದದ್ದು, ತಪ್ಪಿ ತಂದದ್ದು ಇನ್ನೊಂದು ಇಪ್ಪತ್ತು. ನನ್ನ ಕೂಲಿ ಸೇರಿಸಿಲ್ಲ, ಸೇರಿಸುವುದೂ ಇಲ್ಲ. ಮೊದಲಿನ ನಲವತ್ತರ ಮೇಲೆ ಬೇಕಾದದ್ದನ್ನು ಊರವರು ಅಡಿಕೆ ಕೊಯ್ಲಿನ ಸಮಯದಲ್ಲಿ ಕೊಟ್ಟರು. ಪುತ್ತೂರಿನ ಗೆಳೆಯ ಕಳೆದ ತಿಂಗಳು ಬಂದು ಕಂಬದ ಬುಡದ ಪೆಟ್ಟಿಗೆ ತೆರೆಸಿ ನೋಡಿದ, ಫೋಟೋ ತೆಗೆದುಕೊಂಡ. ಅವನ ಊರಿನ ಶಾಲೆಗೂ ಹೀಗೇ ಮಾಡುತ್ತಾನಂತೆ.

ಕಳೆದ ಬುಧವಾರ ಆ ಹದಿನೆಂಟು ಸಾವಿರ ಕಳಕೊಂಡ ಅಕ್ಕನೇ ಬಂದಿದ್ದರು, ಜೊತೆಗೆ ನೆರೆಮನೆಯ ಇಬ್ಬರು. ಹುಡುಗಿ ಇನ್ನೂ ಬಂದಿರಲಿಲ್ಲ, ಬಸ್ಸು ತಡ. ನಾನು ಓದಿ ಹೇಳುತ್ತೇನೆ ಎಂದು ಕೈ ಚಾಚಿದೆ. ಅಕ್ಕ ಫೋನನ್ನು ಎದೆಗೆ ಹತ್ತಿರ ಹಿಡಿದು, "ಕೈಗೆ ಕೊಡ್ಲಿಕ್ಕಿಲ್ಲ, ಇಲ್ಲಿಂದಲೇ ಓದಿ" ಎಂದರು.