ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಸಂಕಟ: ನರ್ಸ್, ಆಶಾ, ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ)ಗಳಿಗೆ ತರಬೇತಿ ಕೊಡುವ ಬಗೆ

ಕೀಮೋ ಮುಗಿಯಿತು, ಕರೆಂಟ್ (ರೇಡಿಯೇಷನ್) ಕೊಡೋದೂ ಮುಗಿಯಿತು, ರಿಪೋರ್ಟ್ ಚೆನ್ನಾಗಿದೆ. ಮನೆಯವರು ಉಸ್ಸಪ್ಪಾ ಅನ್ನುವ ಈ ಹೊತ್ತಿಗೇ ಎಷ್ಟೋ ಜನರಿಗೆ ಸಂಕಟ ಶುರುವಾಗುತ್ತದೆ. ಚಿಕಿತ್ಸೆ ನಡೆಯುವಾಗ ನೋಡುವವರು, ಕೇಳುವವರು ಇದ್ದರು. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ, ನಡುವೆ ‘ಮತ್ತೆ ಬಂದುಬಿಟ್ಟರೆ?’ ಎಂಬ ಭಯ. ಮಂಡ್ಯ, ಮೈಸೂರಿನ ಒಪಿಡಿಗಳಲ್ಲಿ ಯಾರೂ ‘ನನಗೆ ಖಿನ್ನತೆ’ ಅಂತ ಬಂದು ಕೂರುವುದಿಲ್ಲ. ‘ನಿದ್ದೆ ಹತ್ತಲ್ಲ’, ‘ಎದೆ ಡವಡವ ಅನ್ನುತ್ತೆ’, ‘ಊಟ ಸೇರಲ್ಲ’ ಅನ್ನುತ್ತಾರೆ. ಅದನ್ನು ಹಿಡಿಯಲು ಮನೋವೈದ್ಯಕೀಯದ ದೊಡ್ಡ ಪಾಠ ಬೇಡ, ಬಾಯಿ ಮುಚ್ಚಿ ಕೇಳುವ ಅಭ್ಯಾಸ ಬೇಕು. ಹಾಗಾಗಿ ತರಬೇತಿಯ ಮುಕ್ಕಾಲು ಪಾಲು ಸಮಯ ಅಭ್ಯಾಸಕ್ಕೇ ಹೋಗಲಿ.

ಮೊದಲು ದಾರಿ ಮಾಡಿಕೊಳ್ಳಿ

ತರಬೇತಿಗೆ ದಿನ ಗೊತ್ತು ಮಾಡುವ ಮುಂಚೆ ಒಂದು ಹಾಳೆ ತಯಾರಾಗಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಥವಾ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯ ವಿಭಾಗದಲ್ಲಿ ಯಾರನ್ನು ಕೇಳಬೇಕು, ಯಾವ ಕೊಠಡಿ, ಎಷ್ಟು ಗಂಟೆಯವರೆಗೆ, ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಬರುವುದು ಯಾವ ದಿನ, ಇವೆಲ್ಲ ಅದರಲ್ಲಿರಲಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ದೊಡ್ಡಕ್ಷರದಲ್ಲಿರಲಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಳಿಸಲು ಜಾಗವಿಲ್ಲದೆ ಸಂಕಟ ಅಳೆಯುವುದು ಅನ್ಯಾಯ. ಅಳೆದು ಸುಮ್ಮನಾದ ನರ್ಸ್ ಮುಂದಿನ ಸಲ ಕೇಳುವುದನ್ನೇ ಬಿಡುತ್ತಾಳೆ.

ಒಂದು ತಂಡಕ್ಕೆ 12 ಜನ, ಇಬ್ಬರು ತರಬೇತುದಾರರು, ಎರಡು ದಿನ. ಇದಕ್ಕಿಂತ ಹೆಚ್ಚು ಜನ ಸೇರಿದರೆ ಅದು ಭಾಷಣವಾಗುತ್ತದೆ. ಸ್ಲೈಡ್ ಇರಲೇಬೇಕೆಂದರೆ ಕನ್ನಡದಲ್ಲಿರಲಿ.

ಅಳೆಯುವುದು

ಮೊದಲ ಸಾಧನ ಸಂಕಟದ ಥರ್ಮಾಮೀಟರ್. ‘ಇವತ್ತೂ ಸೇರಿ ಹೋದ ಒಂದು ವಾರದಲ್ಲಿ ಮನಸ್ಸಿಗೆ ಎಷ್ಟು ಸಂಕಟವಾಗಿದೆ?’ ಎಂದು ಕೇಳಿ 0ರಿಂದ 10ರವರೆಗೆ ಗುರುತು ಹಾಕಿಸುವುದು. 4 ಅಥವಾ ಹೆಚ್ಚು ಬಂದರೆ ಕೂತು ಮಾತಾಡಬೇಕು: ದುಡ್ಡಿನದೋ, ಮಕ್ಕಳದೋ, ನೋವಿನದೋ, ಭಯದ್ದೋ. ಅಂಕಿ ಓದಲು ಬಾರದವರ ಕೈಗೆ 10 ಹುಣಸೆಬೀಜ, ಒಂದು ಬಟ್ಟಲು ಕೊಡಿ. ‘ಏನೂ ಇಲ್ಲ ಅಂದರೆ ಖಾಲಿ ಬಿಡಿ, ತಡೆಯೋಕೇ ಆಗಲ್ಲ ಅಂದರೆ ಹತ್ತೂ ಹಾಕಿ’ ಎನ್ನಿ.

ಇಲ್ಲಿ ಕೆಡುವುದು ಎರಡು ಕಡೆ. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದಾಗ ಕೇಳಿದರೆ ಉತ್ತರ ಸೊನ್ನೆಯೇ. ‘ಬಿಪಿ ನೋಡ್ತೀವಿ, ನೀವು ಸ್ವಲ್ಪ ಹೊರಗಿರಿ’ ಎಂದು ಕಳಿಸುವುದನ್ನೂ ಅಭ್ಯಾಸದಲ್ಲಿ ಸೇರಿಸಿ. ಇನ್ನೊಂದು, ಸಾಲು ಉದ್ದವಿದ್ದಾಗ ಮುಖ ನೋಡಿ ನರ್ಸ್ ತಾನೇ ಅಂಕಿ ಬರೆಯುವುದು. ಅಂಥ ಅಂಕಿಗಿಂತ ಖಾಲಿ ಕಾಲಮ್ಮೇ ಮೇಲು.

4 ಅಥವಾ ಹೆಚ್ಚು ಬಂದವರಿಗೆ ಪಿಎಚ್‌ಕ್ಯು-9, ಅಂದರೆ ಖಿನ್ನತೆ ಅಳೆಯುವ ಪ್ರಶ್ನಾವಳಿ. ಹೋದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಮೇಲಿದ್ದರೆ ವೈದ್ಯರಿಗೆ ಕಳಿಸಿ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮುಂದಿನ ಹೆಜ್ಜೆ ಇಡಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ತರಬೇತಿಗೆ ಬಂದವರಲ್ಲೂ ಇರುತ್ತದೆ. ಅದು ತಪ್ಪು, ನೇರವಾಗಿಯೇ ಕೇಳಬೇಕು. ಹೇಗೆ ಅಂತ ಯೋಚಿಸಿದ್ದಾರಾ, ಮನೆಯಲ್ಲಿ ಗದ್ದೆಗೆ ಹೊಡೆಯುವ ಔಷಧ ಎಲ್ಲಿದೆ, ಬೀಗ ಯಾರ ಕೈಲಿದೆ ಎಂದು ವಿಚಾರಿಸಿ. ವೈದ್ಯರು ನೋಡುವ ತನಕ ಒಬ್ಬರನ್ನೇ ಬಿಡಬೇಡಿ.

ಎಲ್ಲವೂ ಮನಸ್ಸಿನದಲ್ಲ

ಈ ಭಾಗವನ್ನು ಬಹಳ ತರಬೇತಿಗಳು ಹಾರಿಸಿಬಿಡುತ್ತವೆ. ಕುತ್ತಿಗೆಗೆ ಕರೆಂಟ್ ಕೊಟ್ಟ ಹಲವರಲ್ಲಿ ಥೈರಾಯ್ಡ್ ಇಳಿಯುತ್ತದೆ. ಸುಸ್ತು, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನೋಡಿದರೆ ಥೇಟ್ ಖಿನ್ನತೆ. 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡಿನ ರಕ್ತಪರೀಕ್ಷೆ (ಟಿಎಸ್‌ಎಚ್) ಆಗಿದೆಯೇ ಎಂದು ಕಾರ್ಡ್ ನೋಡಿ. ಹಿಮೋಗ್ಲೋಬಿನ್ ನೋಡಿ, ನೋವು ಕೇಳಿ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ರಾತ್ರಿ ಮೈಯೆಲ್ಲ ಬಿಸಿಯೇರಿ ಬೆವತು ನಿದ್ದೆ ಕೆಡುತ್ತದೆ. ಇವರಿಗೆ ಖಿನ್ನತೆಯ ಮಾತ್ರೆ ಬೇಕಾದರೆ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಸರಿಹೋಗುವುದಿಲ್ಲ, ಟ್ಯಾಮಾಕ್ಸಿಫೆನ್ ಕೆಲಸ ಮಾಡಲು ಬೇಕಾದ ಕಿಣ್ವವನ್ನೇ ಅವು ತಡೆಯುತ್ತವೆ. ಕಳಿಸುವ ಚೀಟಿಯಲ್ಲಿ ‘ಟ್ಯಾಮಾಕ್ಸಿಫೆನ್ ನಡೆಯುತ್ತಿದೆ’ ಎಂದು ಬರೆದರೆ ವೈದ್ಯರು ಬೇರೆಯದನ್ನು ಆರಿಸುತ್ತಾರೆ.

ಕೇಳುವ ಅಭ್ಯಾಸ

ಮೂವರ ಗುಂಪು: ಒಬ್ಬರು ರೋಗಿ, ಒಬ್ಬರು ನರ್ಸ್, ಒಬ್ಬರು ನೋಡುವವರು. 10 ನಿಮಿಷ ಮಾತು, 5 ನಿಮಿಷ ವಿಮರ್ಶೆ, ಆಮೇಲೆ ಪಾತ್ರ ಬದಲು. ರೋಗಿಯ ಪಾತ್ರಕ್ಕೆ ನಾಲ್ಕು ಸಾಲಿನ ಚೀಟಿ ಕೊಡಿ: ‘ಮದ್ದೂರಿನ ಕಡೆಯವರು, 45 ವರ್ಷ, ಸ್ತನ ತೆಗೆದಿದ್ದಾರೆ, ಮಗಳ ಸಂಬಂಧ ತಪ್ಪೀತು ಅಂತ ಊರಲ್ಲಿ ಮುಚ್ಚಿಟ್ಟಿದ್ದಾರೆ.’ ನೋಡುವವರು ಎರಡನ್ನು ಮಾತ್ರ ಗುರುತಿಸಲಿ: ನರ್ಸ್ ಮೊದಲ ಸಲ ಮಾತು ತುಂಡರಿಸಿದ್ದು ಎಷ್ಟನೇ ಸೆಕೆಂಡಿಗೆ, ಸಮಾಧಾನ ಹೇಳಿದ್ದು ಎಷ್ಟು ಸಲ.

‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂಬುದನ್ನು ಎರಡೂ ದಿನ ನಿಷೇಧಿಸಿ. ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು, ಆದರೆ ಎದುರಿನವರ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಬದಲಿಗೆ, ‘ಸ್ಕ್ಯಾನ್ ದಿನ ಹತ್ತಿರ ಬಂದಂಗೆಲ್ಲ ಭಯ ಜಾಸ್ತಿ ಆಗ್ತಿದೆ ಅಲ್ವಾ? ಯಾವ ಹೊತ್ತಲ್ಲಿ ತುಂಬಾ ಕಾಡುತ್ತೆ?’ ಅತ್ತರೆ ಅಳಲು ಬಿಡಿ. ನೀರಿನ ಲೋಟ ಚಾಚುವ ಮುನ್ನ ಅರ್ಧ ನಿಮಿಷ ಸುಮ್ಮನಿರುವುದನ್ನು ಗಡಿಯಾರ ಇಟ್ಟೇ ಕಲಿಸಬೇಕು. ತಮ್ಮ ಮನೆಯಲ್ಲೇ ಕ್ಯಾನ್ಸರ್ ಕಂಡವರು ತರಬೇತಿಗೆ ಬಂದವರಲ್ಲಿ ಇರುತ್ತಾರೆ. ರೋಗಿಯ ಪಾತ್ರ ಬೇಡವೆಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಕೈಗೆ ಕೊಡಬೇಕಾದ್ದು

ಉಸಿರಾಟ: ಮನಸ್ಸಿನಲ್ಲಿ 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ, 5 ನಿಮಿಷ. ತಲೆ ತಿರುಗಿದರೆ ಜೋರಾಗಿ ಎಳೆಯುತ್ತಿದ್ದಾರೆ ಎಂದರ್ಥ. ಚಿಂತೆಗೊಂದು ಹೊತ್ತು: ಸಂಜೆ 15 ನಿಮಿಷ ಮೀಸಲು, ಬೇರೆ ಹೊತ್ತಲ್ಲಿ ಬಂದ ಚಿಂತೆಯನ್ನು ಅಲ್ಲಿಗೆ ಮುಂದೂಡುವುದು, ಮಲಗುವ ಹೊತ್ತಿಗೆ ಮಾತ್ರ ಇಡಬಾರದು. ಕೆಲಸದ ಪಟ್ಟಿ: ದಿನಕ್ಕೆ ಒಂದು ಸಣ್ಣ ಕೆಲಸ, ಡೈರಿಗೆ ಹಾಲು ಹಾಕಿ ಬರುವುದೋ ಹೂ ಕಟ್ಟುವುದೋ, ಮನಸ್ಸು ಬರಲಿ ಎಂದು ಕಾಯದೆ.

ಮನೆಯವರನ್ನು ಕೂರಿಸಿ ಹತ್ತು ನಿಮಿಷ ಮಾತಾಡುವುದೂ ಇದರ ಭಾಗ. ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳು ಇನ್ನೂ ಇವೆ. ಕ್ಯಾನ್ಸರ್ ಅಂಟುವುದಿಲ್ಲ ಎಂದು ರೋಗಿಯ ಎದುರಿಗೇ ಹೇಳಿ. ಗರ್ಭಕೊರಳಿಗೆ ಕರೆಂಟ್ ಕೊಟ್ಟ ಮೇಲೆ ಗಂಡ ಹೆಂಡಿರ ಸಂಬಂಧದಲ್ಲಿ ನೋವಾಗುವುದು ಸಾಮಾನ್ಯ, ಅದಕ್ಕೆ ಉಪಾಯಗಳಿವೆ. ಆದರೆ ಹೆಂಗಸರು ಬಾಯಿಬಿಡುವುದು ಮಹಿಳಾ ಸಿಬ್ಬಂದಿ ತಾವಾಗಿ, ಒಬ್ಬರೇ ಇದ್ದಾಗ ಕೇಳಿದರೆ ಮಾತ್ರ.

ಎರಡು ದಿನಕ್ಕೇ ನಿಲ್ಲಿಸಿದರೆ ಕಲಿತದ್ದು ಉಳಿಯುವುದಿಲ್ಲ. ಆರು ತಿಂಗಳು, ತಿಂಗಳಿಗೊಂದು ಗಂಟೆ ಸೇರಿ, ಪ್ರತಿಯೊಬ್ಬರೂ ಹೆಸರಿಲ್ಲದೆ ಒಂದು ಪ್ರಕರಣ ತರಲಿ. ಮೂರನೇ ತಿಂಗಳಲ್ಲಿ ಪರೀಕ್ಷೆ ಬರೆಸುವ ಬದಲು ಒಪ್ಪಿಗೆ ಪಡೆದು ನಿಜವಾದ ಒಂದು ಭೇಟಿಯಲ್ಲಿ ಪಕ್ಕ ಕೂತು ನೋಡಿ. ಉತ್ತರ ಪತ್ರಿಕೆಯಲ್ಲಿ ಪೂರ್ತಿ ಅಂಕ ತೆಗೆದವರೂ ಇಲ್ಲಿ ಇಪ್ಪತ್ತೇ ಸೆಕೆಂಡಿಗೆ ಮಾತು ತುಂಡರಿಸುವುದುಂಟು. ಅಂಥವರಿಗೆ ಮತ್ತೆ ಅರ್ಧ ದಿನ ಮೂವರ ಗುಂಪಿನ ಅಭ್ಯಾಸ ಕೊಡಿ.